ಸೆಕೆಂಡ್ ಹ್ಯಾಂಡ್ ಡಿವಿಆರ್ ತಂದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ! ದಾರಿ ಇದ್ಯಾ?

ಅಂಗಳದಡಿಕೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನಾನಿರೋದು ಬೆಂಗಳೂರಲ್ಲಿ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅಡಿಕೆ ಕೊನೆ ಕೊಯ್ಲು ಶುರುವಾಗಿದೆ, ಇನ್ನು ಒಂದೂವರೆ ತಿಂಗಳು ಚಾಲಿ (ಒಣಗಿಸೋ ಅಡಿಕೆ) ಅಂಗಳದಲ್ಲೇ ಬಿದ್ದಿರತ್ತೆ. ಹೋದ ವರ್ಷ ಒಂದು ರಾತ್ರಿ ಎರಡು ಚೀಲದಷ್ಟು ಅಡಿಕೆ ಯಾರೋ ತುಂಬ್ಕೊಂಡು ಹೋದರು. ನಾಯಿ ಬೊಗಳಲೂ ಇಲ್ಲ, ಅಂದ್ರೆ ಗೊತ್ತಿದ್ದವರೇ.

ಅದಕ್ಕೆ ಈ ಸಲ ಶಿವಮೊಗ್ಗದಲ್ಲಿ ಹಳೇ ಸಾಮಾನು ಮಾರುವವನ ಹತ್ತಿರ ಒಂದು ಸೆಟ್ ತಗೊಂಡೆ. 8 ಚಾನೆಲ್ ಡಿವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡೋ ಡಬ್ಬ), ನಾಲ್ಕು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ಎಲ್ಲ ಸೇರಿ 5,500. ಯಾವುದೋ ಬಟ್ಟೆ ಅಂಗಡಿ ಮುಚ್ಚಿದಾಗ ಬಂದ ಮಾಲು ಅಂದ. ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದ, ನಾಲ್ಕೂ ಚಿತ್ರ ಚೆನ್ನಾಗಿ ಬಂತು. ಮನೆಗೆ ತಂದು ಟಿವಿಗೆ ಹಾಕಿ ಮೆನು ಒತ್ತಿದರೆ ಪಾಸ್‌ವರ್ಡ್ ಕೇಳತ್ತೆ. 12345, 123456, ಅಡ್ಮಿನ್, 888888 ಎಲ್ಲ ಹೊಡೆದೆ. ಈಗ ಅರ್ಧ ಗಂಟೆ ಲಾಕ್ ಅಂತ ಬರ್ತಿದೆ. ಮಾರಿದವನು "ಅದೆಲ್ಲ ನಮಗೆ ಗೊತ್ತಿಲ್ಲ ಸಾರ್" ಅಂತಾನೆ. ಊರಲ್ಲಿ ಕ್ಯಾಮೆರಾ ಹಾಕುವ ಒಬ್ಬರು ಬೋರ್ಡ್ ಬದಲಿಸಬೇಕು, 3,500 ಆಗತ್ತೆ ಅಂದರು. ಅದರ ಮೇಲೆ ಈ ಡಬ್ಬ ಬೀಪ್ ಬೀಪ್ ಅಂತ ಒಂದೇ ಸಮ ಕೂಗ್ತಿದೆ, ಅಪ್ಪ ಅದರ ಮೇಲೆ ಕಂಬಳಿ ಹೊದಿಸಿದ್ದಾರೆ.

ಹಿಂದಿನ ಲೇಬಲ್ ಫೋಟೋ ಹಾಕಿದ್ದೇನೆ. ಯಾರಾದ್ರೂ ದಾರಿ ಹೇಳಿ.

ಗಾಂಧಿಬಜಾರ್_ಗೋಪಿ · 9:46

ಮೊದಲು ಆ ಕಂಬಳಿ ತೆಗೆಸಿ ಗುರು. ಬಿಸಿಯಾಗಿ ಹಾರ್ಡ್ ಡಿಸ್ಕ್ ಹೋಗತ್ತೆ.

ನಿದ್ದೆಗೆಟ್ಟವ · 9:51

ಒಳಗೆ ರೂಪಾಯಿ ಬಿಲ್ಲೆ ಥರ ಒಂದು ಬ್ಯಾಟರಿ ಇರತ್ತೆ, ಅದನ್ನ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಪಾಸ್‌ವರ್ಡ್ ಹೋಗತ್ತೆ. ನಾನೇ ಮಾಡಿದ್ದೀನಿ.

ಮಸ್ಕತ್_ಮಾಮ · 9:58

ಲೇಬಲ್ ಫೋಟೋ ತಕ್ಷಣ ತೆಗೀರಿ ತಮ್ಮಾ. ಸೀರಿಯಲ್ ನಂಬರ್, ಕ್ಯೂಆರ್, ಕೆಲವದರಲ್ಲಿ ವೆರಿಫಿಕೇಶನ್ ಕೋಡ್ ಕೂಡ ಅದರಲ್ಲೇ ಇರತ್ತೆ. ಮನೆ ಬೀಗದ ಕೈ ಫೋಟೋ ಹೊಡೆದು ಸಂತೆಯಲ್ಲಿ ಅಂಟಿಸಿದ ಹಾಗೆ. ಮಾಡೆಲ್ ನಂಬರ್ ಮಾತ್ರ ಬರೀರಿ, ಸಾಕು.

ಅಂಗಳದಡಿಕೆ · 10:02

ತೆಗೆದೆ. ಗೊತ್ತಿರಲಿಲ್ಲ, ಥ್ಯಾಂಕ್ಸ್.

ಮಸ್ಕತ್_ಮಾಮ · 10:20

ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ, ಮೊದಲು ಹುಬ್ಬಳ್ಳಿಯಲ್ಲಿ, ಈಗ ಇಲ್ಲಿ. ಬ್ಯಾಟರಿ ವಿಷಯ ಹೇಳ್ತೀನಿ ಕೇಳಿ. ಆ ಸಿಆರ್2032 ಇರೋದು ಗಡಿಯಾರಕ್ಕೆ. ತೆಗೆದರೆ ಟೈಮ್ 2000ನೇ ಇಸವಿಗೆ ಹೋಗತ್ತೆ, ಅಷ್ಟೇ. ಪಾಸ್‌ವರ್ಡ್ ಇರೋದು ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಹಳೇ ಕೆಲವು ಮೆಷಿನ್‌ಗೆ ತಾರೀಕಿನ ಲೆಕ್ಕದಲ್ಲಿ ಒಂದು ರಿಪೇರಿ ಪಾಸ್‌ವರ್ಡ್ ಹುಟ್ಟತಿತ್ತು. ತಾರೀಕು ಸೊನ್ನೆಗೆ ಬಂದರೆ ಆ ಪಾಸ್‌ವರ್ಡ್ ಯಾವುದು ಅಂತ ಗೊತ್ತಾಗತಿತ್ತು. ಬ್ಯಾಟರಿ ತೆಗೆದರೆ ಆಗತ್ತೆ ಅನ್ನೋ ಕಥೆ ಅಲ್ಲಿಂದ ಹುಟ್ಟಿದ್ದು.

ಹಾರ್ಡ್ ಡಿಸ್ಕ್ ಬಿಚ್ಚಿ ಫಾರ್ಮ್ಯಾಟ್ ಮಾಡಿದರೂ ಪಾಸ್‌ವರ್ಡ್ ಹೋಗಲ್ಲ. ಅದನ್ನೂ ಯಾರೋ ಹೇಳ್ತಾರೆ ನೋಡ್ತಾ ಇರಿ.

ನಿದ್ದೆಗೆಟ್ಟವ · 10:24

ನಂದು 2012ರ ಡಿವಿಆರ್, ಅದಕ್ಕೇ ಆಗಿರಬೇಕು. ಆದ್ರೂ ನಾನು ಸುಳ್ಳು ಹೇಳಿದ್ದಲ್ಲ.

ಪುತ್ತೂರು_ಪೊಡಿ · 10:31

ಹಾರ್ಡ್ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಹಾಕಿ ಫಾರ್ಮ್ಯಾಟ್ ಮಾಡಿದ್ರೆ ಆಗುದಿಲ್ವಾ ಮಾರಾಯ್ರೆ?

ಮಸ್ಕತ್_ಮಾಮ · 10:32

ಹೇಳಿದ್ನಲ್ಲಾ.

ಕಾನೂನು_ಕಟ್ಟೆ · 10:45

ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. ಬಿಲ್ ಇದೆಯಾ? ಇಂಥ ಪ್ರಶ್ನೆ ಕೇಳುವ ಹತ್ತರಲ್ಲಿ ಒಬ್ಬನ ಕೈಯಲ್ಲಾದರೂ ಕದ್ದ ಮಾಲು ಇರತ್ತೆ. ಬೇರೆಯವರ ಸಿಸ್ಟಮ್‌ಗೆ ಅನುಮತಿ ಇಲ್ಲದೆ ನುಗ್ಗಿದರೆ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಬರತ್ತೆ.

ಅಂಗಳದಡಿಕೆ · 10:52

ಕಳ್ಳರನ್ನ ಹಿಡಿಯೋಕೆ ಅಂತ ತಂದ ನನ್ನನ್ನೇ ಕಳ್ಳ ಮಾಡಿದ್ರಲ್ಲ ಸಾರ್! ಚೀಟಿ ಇದೆ. ಕೈಬರಹದ್ದು, "ಕ್ಯಾಮರ ಸೆಟ್ 1, ರೂ 5500" ಅಂತ, ಕೆಳಗೆ ಸಹಿ. ದುಡ್ಡು ಯುಪಿಐನಲ್ಲಿ ಹಾಕಿದ್ದು, ಅದೂ ಇದೆ.

ಧಾರವಾಡ_ಫೇಡಾ · 10:57

ವಕೀಲ್ರ, ಆ ಮನಷ್ಯಾ ಕಂಬಳಿ ಹೊದಿಸಿದ ಡಬ್ಬಿ ಮುಂದ ಕುಂತಾನ, ಅವನ ಮ್ಯಾಲೆ ಸೆಕ್ಷನ್ ಹಾಕಾಕ ಹತ್ತೀರಲ್ರಿ.

ಕಾನೂನು_ಕಟ್ಟೆ · 11:05

ಚೀಟಿ ಮತ್ತು ಯುಪಿಐ ಸಾಕು, ಎರಡನ್ನೂ ಜೋಪಾನ ಮಾಡಿ. ಕಂಪನಿಯವರಿಗೆ ರಿಸೆಟ್ ಕೇಳಿದರೆ ಕೊಂಡ ದಾಖಲೆ ಕೇಳಬಹುದು. ಆ ಕಾರಣಕ್ಕೂ ಕೇಳಿದೆ.

ಮಸ್ಕತ್_ಮಾಮ · 11:30

ಈಗ ಕೆಲಸಕ್ಕೆ ಬರೋಣ. ಸೆಕೆಂಡ್ ಹ್ಯಾಂಡ್ ಡಿವಿಆರ್‌ಗೆ ಬೀಗ ಒಂದಲ್ಲ, ಎರಡು. ಮೊದಲನೇದು ಡಬ್ಬದ್ದು, ಅಂದ್ರೆ ಅಡ್ಮಿನ್ ಪಾಸ್‌ವರ್ಡ್. ಎರಡನೇದು ಮೊಬೈಲ್ ಆ್ಯಪ್‌ದು. ಹಳೇ ಮಾಲೀಕರು ತಮ್ಮ ಫೋನಿನಲ್ಲಿ ಸೇರಿಸ್ಕೊಂಡಿದ್ದರೆ ಸೀರಿಯಲ್ ನಂಬರ್ ಅವರ ಖಾತೆಗೆ ಅಂಟಿರತ್ತೆ. ನೀವು ಡಬ್ಬದ ಪಾಸ್‌ವರ್ಡ್ ಒಡೆದು ಹೊಸದು ಹಾಕಿದರೂ ನಿಮ್ಮ ಆ್ಯಪ್ "ಇದು ಬೇರೆಯವರ ಖಾತೆಯಲ್ಲಿದೆ" ಅನ್ನತ್ತೆ. ಬೋರ್ಡ್ ಬದಲಿಸು ಅಂದವರು ಮೊದಲನೇ ಬೀಗದ ಮುಂದೇ ಕೈಚೆಲ್ಲಿದ್ದಾರೆ.

ಮೊದಲನೇದಕ್ಕೆ ಬ್ರ್ಯಾಂಡ್ ನೋಡಿ ದಾರಿ. ಹಿಕ್‌ವಿಷನ್‌ನಲ್ಲಿ 12345 ಅನ್ನೋದು ಹಳೇ ಫರ್ಮ್‌ವೇರ್ (ಡಬ್ಬದೊಳಗಿನ ಸಾಫ್ಟ್‌ವೇರ್) ಕಾಲದ ಕಥೆ. ಆಮೇಲೆ ಕಾರ್ಖಾನೆಯಿಂದ ಪಾಸ್‌ವರ್ಡೇ ಬರಲ್ಲ, ಹಾಕಿಸ್ಕೊಂಡವರೇ ಮೊದಲ ಸಲ ಇಡಬೇಕು. ಮರೆತರೆ ಅವರದೇ ಎಸ್‌ಎಡಿಪಿ ಅನ್ನೋ ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪ್, ಡಿವಿಆರ್ ಎರಡೂ ಒಂದೇ ರೌಟರ್‌ಗೆ ಹಾಕಿ ಓಡಿಸಿದರೆ ಡಬ್ಬ ಕಾಣತ್ತೆ, ಅಲ್ಲಿಂದ ಒಂದು ಎಕ್ಸ್‌ಎಂಎಲ್ ಫೈಲ್ ತೆಗೆದು ಕಂಪನಿ ಸಪೋರ್ಟ್‌ಗೆ ಕಳಿಸಬೇಕು. ಅವರು ಕೊಟ್ಟ ಉತ್ತರ ವಾಪಸ್ ಹಾಕಿದರೆ ಹೊಸ ಪಾಸ್‌ವರ್ಡ್ ಕೇಳತ್ತೆ. ಫೈಲ್ ಕಳಿಸಿದ ಮೇಲೆ ಉತ್ತರ ಬರೋವರೆಗೆ ಡಿವಿಆರ್ ಆಫ್ ಆಗಬಾರದು. ಆಫ್ ಆದರೆ ಮತ್ತೆ ಮೊದಲಿಂದ.

ದಹುವಾ ಥರದ್ದಾದರೆ ಲಾಗಿನ್ ಪರದೆಯಲ್ಲೇ "ಪಾಸ್‌ವರ್ಡ್ ಮರೆತಿರಾ" ಅಂತ ಇರತ್ತೆ. ಒತ್ತಿದರೆ ಕ್ಯೂಆರ್ ಬರತ್ತೆ, ಕಂಪನಿ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಮೊದಲು ಕೊಟ್ಟ ಇಮೇಲ್‌ಗೆ ಕೋಡ್ ಹೋಗತ್ತೆ. ಕೆಲವು ಬೋರ್ಡ್‌ನಲ್ಲಿ ಪುಟ್ಟ ರಿಸೆಟ್ ಗುಂಡಿಯೂ ಇರತ್ತೆ.

ಅಂಗಳದಡಿಕೆ · 11:38

ಮಾಮ, ನಮ್ಮೂರಲ್ಲಿ ಡಿವಿಆರ್ ಆಫ್ ಆಗಬಾರದು ಅಂದ್ರೆ ಹ್ಯಾಗೆ. ಈಗ ಬರೀವಾಗಲೇ ಎರಡು ಸಲ ಕರೆಂಟ್ ಹೋಯ್ತು.

ಮಸ್ಕತ್_ಮಾಮ · 11:41

ಇನ್ವರ್ಟರ್ ಮೇಲೆ ಹಾಕಿ. 12 ವೋಲ್ಟಿನ ಅಡಾಪ್ಟರ್ ಅದು, ದೊಡ್ಡ ಲೋಡಲ್ಲ.

ಗಾಂಧಿಬಜಾರ್_ಗೋಪಿ · ಸೋಮವಾರ ಬೆಳಿಗ್ಗೆ 8:15

ಇಷ್ಟೆಲ್ಲ ಯಾಕೆ? ಸೀರಿಯಲ್ ನಂಬರ್ ಹಾಕಿದರೆ ಮಾಸ್ಟರ್ ಪಾಸ್‌ವರ್ಡ್ ಕೊಡೋ ವೆಬ್‌ಸೈಟ್‌ಗಳಿವೆ. ಇಲ್ಲಾಂದ್ರೆ ಬೆಂಗಳೂರಿನ ಎಸ್‌.ಪಿ. ರೋಡಿಗೆ ತಗೊಂಡು ಹೋಗಿ, 500 ರೂಪಾಯಿಗೆ ಒಡೆದು ಕೊಡ್ತಾರೆ.

ಮಸ್ಕತ್_ಮಾಮ · 8:40

ಆ ವೆಬ್‌ಸೈಟ್ ಆಟ ನಡೆದದ್ದು ಹಳೇ ಫರ್ಮ್‌ವೇರ್ ಕಾಲದಲ್ಲಿ. ಈಗ ಅಲ್ಲಿ ಸಿಗೋದು ವೈರಸ್ಸು, ಇಲ್ಲ ಮುಂಗಡ ದುಡ್ಡು ಕೇಳುವವರು. ಎಸ್‌.ಪಿ. ರೋಡಲ್ಲಿ ಒಳ್ಳೇ ಕೆಲಸಗಾರರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಸಾಗರದಿಂದ ಬಸ್ಸಿಗೆ ಡಬ್ಬ ಹೊತ್ಕೊಂಡು ಹೋಗೋ ಮೊದಲು "ಪಾಸ್‌ವರ್ಡ್ ಮರೆತಿರಾ" ಒತ್ತಿ ನೋಡೋದಕ್ಕೆ ಏನು ಖರ್ಚು?

ಬೈಟುಕಾಫಿ · 9:02

ಡೀಫಾಲ್ಟ್ (ಕಾರ್ಖಾನೆಯಿಂದಲೇ ಬರೋ) ಪಾಸ್‌ವರ್ಡ್ ಯಾಕೆ ತೆಗೆದರು ಅಂದ್ರೆ ಮಿರಾಯ್ ಅನ್ನೋ ವೈರಸ್ ಥರದ ಪ್ರೋಗ್ರಾಂ ಕಾರಣ. 2016ರ ಅಕ್ಟೋಬರ್ 21ಕ್ಕೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಬಿದ್ದುಹೋಯ್ತಲ್ಲ, ದಾಳಿ ಮಾಡಿದ ಸೈನ್ಯದಲ್ಲಿ ಇದ್ದದ್ದು ಇಂಥ ಡಿವಿಆರ್‌ಗಳು, ಕ್ಯಾಮೆರಾಗಳು. ಅರವತ್ತರ ಆಸುಪಾಸಿನ ಡೀಫಾಲ್ಟ್ ಪಾಸ್‌ವರ್ಡ್ ಪಟ್ಟಿ ಹಿಡ್ಕೊಂಡು ಒಂದೊಂದೇ ಬಾಗಿಲು ತಳ್ಳಿ ನೋಡಿತ್ತು ಆ ಮಿರಾಯ್.

ಮಸ್ಕತ್_ಮಾಮ · 9:10

ಕಥೆ ಸರಿ, ಕಾರಣ ಪೂರ್ತಿ ಸರಿಯಲ್ಲ. ಹಿಕ್‌ವಿಷನ್ ಬದಲಿಸಿದ್ದು 2015ರಲ್ಲೇ, ಮಿರಾಯ್‌ಗಿಂತ ಮುಂಚೆ. ಉಳಿದ ಕೆಲವರಿಗೆ ಬುದ್ಧಿ ಬಂದದ್ದು ಮಿರಾಯ್ ಆದಮೇಲೆ.

ಬೈಟುಕಾಫಿ · 9:12

ಒಪ್ಪಿದೆ.

ಪುತ್ತೂರು_ಪೊಡಿ · 9:30

ನಮ್ಮಲ್ಲಿ ಉಂಟು ಕ್ಯಾಮೆರಾ, ಐದು ವರ್ಷ ಆಯ್ತು. ಅಡಿಕೆ ಕಳ್ಳ ಒಬ್ಬನೂ ಸಿಗಲಿಲ್ಲ. ಸಿಕ್ಕಿದ್ದು ಕಾಡುಹಂದಿ, ಒಂದು ಸಲ ಚಿರತೆ, ಮತ್ತೆ ಮಧ್ಯರಾತ್ರಿ ಫ್ರಿಜ್‌ನಿಂದ ಹೋಳಿಗೆ ತೆಗೆದು ಜಗಲಿಯಲ್ಲಿ ಕೂತು ತಿನ್ನುವ ನಮ್ಮ ಮಾವ. ಅವರಿಗೆ ಶುಗರ್. ಆ ಕ್ಲಿಪ್ ಅತ್ತೆಗೆ ತೋರಿಸಿಲ್ಲ, ಅದರ ಮೇಲೆ ಮನೆಯಲ್ಲಿ ನನ್ನ ಮಾತು ನಡೀತದೆ.

ಧಾರವಾಡ_ಫೇಡಾ · 9:34

ಅದಕ್ಕ ಬ್ಲ್ಯಾಕ್‌ಮೇಲ್ ಅಂತಾರ್ರಿ. ವಕೀಲ್ರ, ಇದಕ್ಕ ಯಾವ ಸೆಕ್ಷನ್?

ಕಾನೂನು_ಕಟ್ಟೆ · 9:50

ಹೋಳಿಗೆಗೆ ಸೆಕ್ಷನ್ ಇಲ್ಲ. ಆದರೆ ತಮಾಷೆ ಬಿಟ್ಟು ಒಂದು ಮಾತು. ಸ್ವಂತ ಮನೆ ಬಳಕೆಗೆ ಅಂತ ಒಬ್ಬ ವ್ಯಕ್ತಿ ಮಾಡುವ ರೆಕಾರ್ಡಿಂಗ್‌ಗೆ 2023ರ ಡಿಪಿಡಿಪಿ (ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆ ಅನ್ವಯಿಸಲ್ಲ. ಹಾಗಂತ ಪಕ್ಕದ ಮನೆಯ ಬಚ್ಚಲಿನ ಕಡೆ ತಿರುಗಿಸಿ ಇಡೋ ಹಾಗಿಲ್ಲ, ಐಟಿ ಕಾಯ್ದೆಯ 66ಇ ಇದೆ. ಮೂರು ವರ್ಷದವರೆಗೆ ಜೈಲು.

ಅಂಗಳದಡಿಕೆ · ಸೋಮವಾರ ಸಂಜೆ 7:20

ರಜೆ ಹಾಕಿ ಊರಲ್ಲೇ ಉಳಿದೆ. ಸ್ವಲ್ಪ ಮುಂದೆ ಹೋಗಿದೆ.

1. ಬೀಪ್ ನಿಂತಿದೆ. ಮುಚ್ಚಳ ತೆಗೆದು ನೋಡಿದರೆ ಹಾರ್ಡ್ ಡಿಸ್ಕ್ ಕೇಬಲ್ ಸಡಿಲ ಆಗಿತ್ತು. ಶಿವಮೊಗ್ಗದಿಂದ ಬಸ್ಸಿನಲ್ಲಿ ಕುಲುಕಿ ಬಂದಿದ್ದಲ್ವಾ. ಒತ್ತಿ ಕೂರಿಸಿದೆ, ಗಪ್‌ಚುಪ್. ಒಳಗೆ ಒಂದು ಸತ್ತ ಹಲ್ಲಿ, ಸುಮಾರು ದಾರದ ಚೂರು. ಬಟ್ಟೆ ಅಂಗಡಿ ಅನ್ನೋದು ನಿಜ.

2. ಮರೆತಿರಾ ಒತ್ತಿದೆ. ಕ್ಯೂಆರ್ ಬಂತು. ಅದರ ಕೆಳಗೆ ಇಮೇಲ್ ಅರ್ಧ ಕಾಣತ್ತೆ, ಮೊದಲ ಎರಡು ಅಕ್ಷರ, ನಡುವೆ ಬರೀ ಚುಕ್ಕಿ, ಕೊನೆಗೆ "ಸಿಲ್ಕ್ಸ್" ಅಂತಿದೆ!

3. ಡಬ್ಬದ ತಳದಲ್ಲಿ ಕ್ಯಾಮೆರಾ ಹಾಕಿದವರ ಸ್ಟಿಕರ್ ಇದೆ. ಫೋನ್ ನಂಬರ್‌ನಲ್ಲಿ ಎಂಟು ಅಂಕಿ ಓದಬಹುದು, ಎರಡು ಹರಿದಿದೆ.

ಬೈಟುಕಾಫಿ · 7:24

ಎರಡು ಅಂಕಿ ಅಂದ್ರೆ ನೂರು ಫೋನ್. ಶುರು ಹಚ್ಕೊಳ್ಳಿ.

ನಿದ್ದೆಗೆಟ್ಟವ · 7:29

ನೂರು ಜನಕ್ಕೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ್ರೆ ಇವರನ್ನೇ ಸೈಬರ್ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ.

ಹೊಸನಗರ_ಹುಡುಗಿ · 7:45

ಹರಿದ ಸ್ಟಿಕರ್ ಬಿಡಿ. ಮಾರಿದವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಬೇಡಿ, "ಯಾವ ಅಂಗಡಿ, ಯಾವ ರಸ್ತೆ" ಅಂತಷ್ಟೇ ಕೇಳಿ. ಪಾಸ್‌ವರ್ಡ್ ಅಂದ್ರೆ ತಲೆನೋವು ಬಂತು ಅಂತ ಜಾರಿಕೊಳ್ತಾರೆ, ಅಡ್ರೆಸ್ ಕೇಳಿದ್ರೆ ಹೇಳ್ತಾರೆ. ಅಕ್ಕಪಕ್ಕದ ಅಂಗಡಿಯವರಿಗೆ ಮಾಲೀಕರ ನಂಬರ್ ಗೊತ್ತಿದ್ದೇ ಇರತ್ತೆ. ನಮ್ಮ ಕಡೆ ಅಂಗಡಿ ಮುಚ್ಚಿದರೂ ಸಾಲದ ಲೆಕ್ಕ ಮುಚ್ಚಲ್ಲ.

ಧಾರವಾಡ_ಫೇಡಾ · 7:50

ಅಕ್ಕಾರ ಮಾತು ಖರೇ ಐತಿ. ಈ ಹುಡುಗೋರು ಬ್ಯಾಟರಿ ಕಿತ್ತು ಸೈಟ್ ಹುಡುಕಿ ದಣದ್ರು, ಮನಷ್ಯಾನ್ನ ಹುಡುಕೋದು ಒಬ್ಬರಿಗೂ ಹೊಳೀಲಿಲ್ಲ.

ತೀರ್ಥಹಳ್ಳಿ_ಮಳೆ · 8:30

ವಿಷಯಾಂತರಕ್ಕೆ ಕ್ಷಮೆ ಇರಲಿ. ಮಲೆನಾಡಲ್ಲಿ ಡಿವಿಆರ್ ಇಡೋರು ಸಿಡಿಲಿನ ಬಗ್ಗೆ ಯೋಚಿಸಿದ್ದೀರಾ? ನಮ್ಮದು ಏಪ್ರಿಲ್‌ನಲ್ಲಿ ಒಂದೇ ಸಿಡಿಲಿಗೆ ಡಿವಿಆರ್, ಎರಡು ಕ್ಯಾಮೆರಾ, ರೌಟರ್ ಎಲ್ಲ ಹೋಯ್ತು. ಕರೆಂಟ್ ಪ್ಲಗ್ ಕಿತ್ತಿದ್ದೆ, ಆದ್ರೂ ಹೋಯ್ತು. ಯಾಕಂದ್ರೆ ತೋಟದ ಕಂಬದಿಂದ ಬಂದ 80 ಮೀಟರ್ ಕೇಬಲ್ ಹಿಂದೆ ಹಾಗೇ ಸಿಕ್ಕಿಸಿತ್ತು, ಅದರಲ್ಲೇ ಬಂತು. ಈಗ ಗುಡುಗು ಶುರುವಾದ್ರೆ ಅಮ್ಮ ಓಡಿಹೋಗಿ ನಾಲ್ಕೂ ಬಿಎನ್‌ಸಿ (ಕ್ಯಾಮೆರಾ ಕೇಬಲ್ ತುದಿಯ ಪಿನ್) ತಿರುಗಿಸಿ ಕಿತ್ತು ಹಾಕ್ತಾರೆ. ಎಪ್ಪತ್ತು ವರ್ಷದವರು, ಬಿಎನ್‌ಸಿ ಅನ್ನೋ ಹೆಸರು ಗೊತ್ತಿಲ್ಲ, "ಆ ತಿರುಪು" ಅಂತಾರೆ.

ಅಂಗಳದಡಿಕೆ · 8:36

ಇದು ತಲೆಗೇ ಬಂದಿರಲಿಲ್ಲ. ಮಳೆಗಾಲದ ಮೊದಲು ಅಂಗಳದ ಕ್ಯಾಮೆರಾ ಇಳಿಸಿಬಿಡ್ತೀನಿ.

ಗಾಂಧಿಬಜಾರ್_ಗೋಪಿ · 8:41

1 ಟಿಬಿಗೆ ಎಷ್ಟು ದಿನ ರೆಕಾರ್ಡಿಂಗ್ ನಿಲ್ಲತ್ತೆ? ಮಾರೋರು ಒಂದು ತಿಂಗಳು ಅಂತಾರೆ.

ಬೈಟುಕಾಫಿ · 8:55

ಲೆಕ್ಕ ಸುಲಭ. ಒಂದು ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂತ ಇಟ್ಕೊಳ್ಳಿ. ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86 ಚಿಲ್ಲರೆ. ಅಂದ್ರೆ ಹನ್ನೊಂದು ದಿನ, ಆಮೇಲೆ ಹಳೇದರ ಮೇಲೆ ಹೊಸದು. ತಿಂಗಳು ಬೇಕಾದ್ರೆ ಅಲುಗಾಟ ಇದ್ದಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಹಾಕಿ.

ಅಂಗಳದಡಿಕೆ · ಬುಧವಾರ ರಾತ್ರಿ 10:10

ಆಯ್ತು! ಒಳಗೆ ಹೋದೆ!

ಹೊಸನಗರದ ಅಕ್ಕ ಹೇಳಿದ ಹಾಗೇ ಮಾಡಿದ್ದು. ಮಾರಿದವನು ರಸ್ತೆ ಹೆಸರು ಹೇಳಿದ. ಎದುರಿನ ಟೈಲರ್ ಒಬ್ಬರು ಮಾಲೀಕರ ನಂಬರ್ ಕೊಟ್ಟರು (ಅವರಿಗೆ ಇನ್ನೂ ಮೂರು ಸಾವಿರ ಬರಬೇಕಂತೆ, ಸಿಕ್ಕಿದರೆ ನೆನಪು ಮಾಡಿ ಅಂದರು. ನಾನು ಮಾಡಲಿಲ್ಲ). ಮಾಲೀಕರಿಗೆ ಕಿವಿ ಮಂದ, ಫೋನ್ ಮಗಳಿಗೆ ಕೊಟ್ಟರು. ಆಕೆ ದಾವಣಗೆರೆಯಲ್ಲಿದ್ದಾರೆ. ಮೊದಲು ಓಟಿಪಿ ಮೋಸದವನು ಅಂದ್ಕೊಂಡು ಇಟ್ಟೇಬಿಟ್ಟರು. ಆಮೇಲೆ ಚೀಟಿ, ಡಬ್ಬದ ಫೋಟೋ, ಸ್ಟಿಕರ್ ಫೋಟೋ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು.

ಅಂಗಡಿಯ ಇಮೇಲ್ ಆಕೆಯ ಫೋನಿನಲ್ಲೇ ಇತ್ತು. ನಾನು ಸ್ಕ್ಯಾನ್ ಮಾಡಿದೆ, ಕೋಡ್ ಅವರಿಗೆ ಹೋಯ್ತು, ಓದಿ ಹೇಳಿದರು, ಹೊಸ ಪಾಸ್‌ವರ್ಡ್ ಹಾಕಿದೆ. ಎರಡು ನಿಮಿಷದ ಕೆಲಸ. ಇದಕ್ಕೆ ಮೂರು ದಿನ.

ಮಾಮ ಹೇಳಿದ ಎರಡನೇ ಬೀಗವೂ ಇತ್ತು. ಆ್ಯಪ್‌ಗೆ ಹಾಕಲು ಹೋದರೆ ಬೇರೆ ಖಾತೆಯಲ್ಲಿದೆ ಅಂತ ಬಂತು. ಆಕೆ ತಮ್ಮ ಆ್ಯಪ್ ತೆಗೆದು "ಅಯ್ಯೋ, ನಮ್ಮ ಅಂಗಡಿ ಹೆಸರು ಇನ್ನೂ ಇದೆ ಇದರಲ್ಲಿ" ಅಂದರು. ಒತ್ತಿ ನೋಡಿದರೆ ನಮ್ಮ ಜಗಲಿ, ಅಪ್ಪ ಬನೀನಿನಲ್ಲಿ ನಿಂತು ಕ್ಯಾಮೆರಾ ಒರೆಸ್ತಿದ್ದಾರೆ! ಇಂಟರ್ನೆಟ್ ವೈರ್ ಹಾಕಿದ್ದೆ ನೋಡಿ. ಆಕೆ ನಕ್ಕು, ಆಮೇಲೆ ಅಳಿಸಿದರು.

ಮಸ್ಕತ್_ಮಾಮ · 10:18

ಭೇಷ್. ನೋಡಿ, ಈ ಬನೀನಿಗೇ ನಾನು ಹೇಳೋದು. ಡಬ್ಬದ ಪಾಸ್‌ವರ್ಡ್ ಬದಲಿಸಿದರೂ ಹಳೇ ಖಾತೆ ಬಿಡಿಸದೆ ಇದ್ದರೆ ನಿಮ್ಮ ಮನೆ ಇನ್ನೊಬ್ಬರ ಫೋನಿನಲ್ಲಿ ಉಳಿಯಬಹುದು. ಈಗ ಅಡ್ಮಿನ್ ಬಿಟ್ಟು ಬೇರೆ ಯೂಸರ್ ಯಾರಾದ್ರೂ ಇದ್ದಾರಾ ಪಟ್ಟಿ ನೋಡಿ ಅಳಿಸಿ. ರಿಕವರಿ ಇಮೇಲ್ ನಿಮ್ಮದು ಹಾಕಿ. ತಾರೀಕು ಸರಿ ಮಾಡಿ, ಇಲ್ಲಾಂದ್ರೆ ಕಳ್ಳ ಸಿಕ್ಕಿದರೂ 2000ನೇ ಇಸವಿಯಲ್ಲಿ ಕದ್ದಿರ್ತಾನೆ.

ಬೈಟುಕಾಫಿ · 10:22

ಹಳೇ ಪಾಸ್‌ವರ್ಡ್ ಏನಂತೆ? ಸಾಯೋ ಮುಂಚೆ ತಿಳ್ಕೋಬೇಕು.

ಅಂಗಳದಡಿಕೆ · 10:30

ಕೇಳಿದೆ. ಅಂಗಡಿ ಹೆಸರು, ಒಂದು ಅಟ್ ಚಿಹ್ನೆ, 123.

ಗಾಂಧಿಬಜಾರ್_ಗೋಪಿ · 10:31

ಥೂ!

ಮಸ್ಕತ್_ಮಾಮ · 10:33

ಹುಬ್ಬಳ್ಳಿಯಲ್ಲಿದ್ದಾಗ ನಾನೂ ಹಾಗೇ ಇಡ್ತಿದ್ದೆ, ಏನು ಮಾಡೋದು.

ಅಂಗಳದಡಿಕೆ · 10:47

ಒಂದು ವಿಷಯ. ಡಿಸ್ಕ್‌ನಲ್ಲಿ ಅಂಗಡಿಯ ಕೊನೆಯ ಹನ್ನೊಂದು ದಿನ ಹಾಗೇ ಇದೆ (ಬೈಟುಕಾಫಿ ಲೆಕ್ಕ ಸರಿ!). ನೋಡಬಾರದಿತ್ತೇನೋ, ಆದರೆ ಕೊನೆಯ ಹತ್ತು ನಿಮಿಷ ನೋಡಿದೆ. ಖಾಲಿ ಕಪಾಟು, ಒಂದು ಏಣಿ. ಒಬ್ಬ ಹುಡುಗ ಹತ್ತಿ ಮೊದಲನೇ ಕ್ಯಾಮೆರಾ ತಿರುಪು ಬಿಚ್ಚತಾನೆ, ಚಿತ್ರ ತಲೆಕೆಳಗಾಗಿ ನೆಲ ಕಾಣತ್ತೆ, ಆಮೇಲೆ ಕಪ್ಪು. ಎರಡನೇದು, ಮೂರನೇದು ಹಾಗೇ. ನಾಲ್ಕನೇದರಲ್ಲಿ ಕೌಂಟರ್ ಮೇಲೆ ಕೂತ ಬೆಕ್ಕು ಏಣಿ ಕಡೆ ನೋಡ್ತಾ ಇದೆ, ಹುಡುಗ ಅದರ ತಲೆ ಸವರಿ ಮೇಲೆ ಹತ್ತತಾನೆ. ಅಷ್ಟೇ.

ಇದನ್ನ ಏನು ಮಾಡಲಿ?

ಕಾನೂನು_ಕಟ್ಟೆ · 10:55

ಫಾರ್ಮ್ಯಾಟ್. ಬಂದ ಗಿರಾಕಿಗಳ ಮುಖ, ಹಣ ಎಣಿಸಿದ್ದು ಎಲ್ಲ ಇರತ್ತೆ ಅದರಲ್ಲಿ. ಇಟ್ಟುಕೊಳ್ಳೋದು ಬೇಡ.

ಹೊಸನಗರ_ಹುಡುಗಿ · 10:58

ಮೊದಲು ಅವರ ಮಗಳನ್ನ ಒಂದು ಮಾತು ಕೇಳಿ. ಏನಾದ್ರೂ ಬೇಕಿರಬಹುದು.

ಅಂಗಳದಡಿಕೆ · ಗುರುವಾರ ಬೆಳಿಗ್ಗೆ 7:05

ಕೇಳಿದೆ. ಏನೂ ಬೇಡ ಅಂದರು. ಬೆಕ್ಕಿನ ವಿಷಯ ಹೇಳಿದ್ದಕ್ಕೆ "ಅದು ಈಗ ಟೈಲರ್ ಅಂಗಡಿಯಲ್ಲಿದೆ" ಅಂದರು. ಫಾರ್ಮ್ಯಾಟ್ ಮಾಡಿದೆ.

ಹೊಸ ತೊಂದರೆ. ರಾತ್ರಿಯೆಲ್ಲ ಫೋನಿಗೆ ಅಲಾರಂ ಬಂತು, 214 ಸಲ. ಅಂಗಳದ ಕ್ಯಾಮೆರಾ ಮುಂದೆ ಒಂದು ಜೇಡ ಬಲೆ ಕಟ್ಟಿದೆ, ರಾತ್ರಿ ಅದು ಕುದುರೆಯಷ್ಟು ದೊಡ್ಡದಾಗಿ ಕಾಣತ್ತೆ. ಅಪ್ಪ ಎದ್ದು ಎರಡು ಸಲ ಕತ್ತಿ ಹಿಡ್ಕೊಂಡು ಅಂಗಳಕ್ಕೆ ಹೋಗಿ ಬಂದರಂತೆ.

ಪುತ್ತೂರು_ಪೊಡಿ · 7:12

ಕ್ಯಾಮೆರಾದ ಐಆರ್ (ರಾತ್ರಿ ಚಿತ್ರಕ್ಕೆ ಇರುವ ಇನ್‌ಫ್ರಾರೆಡ್) ಬೆಳಕಿಗೆ ಹುಳ ಬರ್ತದೆ, ಹುಳಕ್ಕೆ ಜೇಡ ಬರ್ತದೆ. ಸುತ್ತ ಬೇವಿನೆಣ್ಣೆ ಹಚ್ಚಿ, ಗಾಜಿಗೆ ತಾಗಬಾರದು. ವಾರಕ್ಕೊಮ್ಮೆ ಹಚ್ಚಬೇಕು.

ಮಸ್ಕತ್_ಮಾಮ · 7:20

ಬೇವಿನೆಣ್ಣೆ ನಾಲ್ಕು ದಿನ. ಬೇರೆ ಐಆರ್ ಲೈಟ್ ಒಂದು ತಂದು ಕ್ಯಾಮೆರಾದಿಂದ ಆರೇಳು ಅಡಿ ದೂರ ಹಾಕಿ, ಕ್ಯಾಮೆರಾದ ಐಆರ್ ಮೆನುವಿನಲ್ಲಿ ಆಫ್ ಮಾಡೋ ಹಾಗಿದ್ದರೆ ಮಾಡಿ. ಜೇಡ ಅಲ್ಲಿಗೆ ಹೋಗತ್ತೆ.

ಅಂಗಳದಡಿಕೆ · 7:22

ಅದೂ ಸೆಕೆಂಡ್ ಹ್ಯಾಂಡ್ ಸಿಗತ್ತಾ?

ಧಾರವಾಡ_ಫೇಡಾ · 7:23

ಸಿಗತೈತಿ. ಲೈಟಿಗೆ ಪಾಸ್‌ವರ್ಡ್ ಇರಂಗಿಲ್ಲ, ಧೈರ್ಯದಿಂದ ತಗೋರಿ.